ಕ್ಷಮೆ ಕೇಳಲು ಹೊರಟ ವ್ಯಾನು

ನಮ್ಮ ಪುಷ್ಪಲತಾ ಚಿಕ್ಕಮ್ಮ ತಿಪಟೂರಿನಲ್ಲಿ ಸ್ಕೂಲ್ ವ್ಯಾನ್ ಓಡಿಸುತ್ತಾಳೆ. ಗ್ಯಾರೇಜಿನಿಂದ ಬಂದ ಮೇಲೆ ಅದರ ಬ್ರೇಕ್ ಪೆಡಲ್ಲು ದಿನೇ ದಿನೇ ಕೆಳಗಿಳಿಯತೊಡಗಿತು. ಕೇಳಲು ಹೋದರೆ ಮೆಕ್ಯಾನಿಕ್ ನಂಜಪ್ಪಣ್ಣ ಗುಡುಗಿದ.

"ನನ್ನ ಕೆಲಸದಲ್ಲಿ ತಪ್ಪಾ? ನಿನ್ನ ಕಾಲಲ್ಲೇ ಬಲ ಇಲ್ಲ ಕಣಮ್ಮ! ನಾಳೆ ಬಂದು ಎಲ್ಲರೆದುರು ಕ್ಷಮೆ ಕೇಳು. ಇಲ್ದಿದ್ರೆ ನಿನಗೆ ಗಾಡಿ ಓಡಿಸೋಕೇ ಬರಲ್ಲ ಅಂತ ಸ್ಕೂಲಿಗೆ ಹೇಳ್ತೀನಿ."

ಅವನು ಹೇಳಿದರೆ ಮುಗಿಯಿತು, ಮಕ್ಕಳೆಲ್ಲ ಬೇರೆ ವ್ಯಾನು ಹತ್ತುತ್ತಾರೆ.

ಚಿಕ್ಕಮ್ಮ ಮನೆಯಂಗಳದಲ್ಲೇ ಹಿಂದಿನ ಎರಡೂ ಚಕ್ರ ಬಿಚ್ಚಿ, ಬ್ರೇಕ್ ಡ್ರಮ್ಮುಗಳನ್ನು ತೆಗೆದು ನನ್ನನ್ನು ಕರೆದು ಕಿರುಚಿದಳು, "ಬಾರೇ ಇಲ್ಲಿ, ನೋಡೇ!"

ಬ್ರೇಕನ್ನು ಬಿಗಿಯಾಗಿಡುವ ಅಡ್ಜಸ್ಟರುಗಳಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂತಿದ್ದವು! ಬಿಗಿಯಾಗಬೇಕಾದದ್ದು ಒತ್ತಿದಷ್ಟೂ ಸಡಿಲವಾಗುತ್ತಿತ್ತು. ಅದಲುಬದಲು ಮಾಡಿ ಕೂರಿಸಿದಳು. ಪೆಡಲ್ಲು ಗಟ್ಟಿಯಾಯಿತು.

ಮರುದಿನ ಗ್ಯಾರೇಜಿನಲ್ಲಿ ಅವಳ ದನಿ ಬೆಣ್ಣೆ.

"ಕ್ಷಮೆ ಕೇಳ್ತೀನಿ ಅಣ್ಣಾ. ನೀವು ಮಾಡಿದ ಬ್ರೇಕು ಎಂಥದ್ದು ಅಂತ ಇವರೆಲ್ಲ ನೋಡ್ಲಿ. ಆ ಗೋಡೆ ಮುಂದೆ ನಿಂತ್ಕೊಳ್ಳಿ. ವ್ಯಾನಲ್ಲಿ ಬಂದು, ನಿಮ್ಮೆದುರೇ ನಿಲ್ಸಿ, ಇಳಿದು ಕೈ ಮುಗೀತೀನಿ."

ಎಲ್ಲರೂ ನೋಡುತ್ತಿದ್ದರು. ನಂಜಪ್ಪಣ್ಣ ಎದೆಯುಬ್ಬಿಸಿ ನಿಂತ. ವ್ಯಾನು ಆಮೆಯ ಹಾಗೆ ಹೊರಟಿತು. ಇನ್ನೂ ಅರ್ಧ ದಾರಿಗೆ ಬಂದಿರಲಿಲ್ಲ. ಆತ "ಅಯ್ಯಯ್ಯೋ, ಅದು ನಿಲ್ಲಲ್ಲ ಕಣೇ!" ಎಂದು ಕೂಗುತ್ತ ಹಳೇ ಟೈರುಗಳ ರಾಶಿ ಹತ್ತಿಬಿಟ್ಟ!

ವ್ಯಾನು ಗಕ್ಕನೆ ನಿಂತಿತು. ಗ್ಯಾರೇಜೆಲ್ಲ ಕೇಕೆ ಹಾಕಿ ನಕ್ಕಿತು.

ಚಿಕ್ಕಮ್ಮ ಕಿಟಕಿಯಿಂದ ತಲೆ ಹೊರಹಾಕಿದಳು. "ಇದೇನಣ್ಣಾ, ಕ್ಷಮೆ ಕೇಳೋಣ ಅಂತ ಬಂದ್ರೆ ಹಿಂಗಾ ಓಡಿಹೋಗೋದು?"