ಬೀದಿ ದಾಟಿದ ಪದಗಳು

“ಬುದ್ಧಿ, ಹಳೆಯದರಲ್ಲೇ ಇರೋಣವೇ, ಹೊಸದಕ್ಕೆ ಹೋಗೋಣವೇ?”

ಬೆಳಗಿನ ಪೂಜೆ ಮುಗಿಸಿ ಸ್ವಾಮಿಗಳು ಜಗಲಿಗೆ ಬಂದು ಕುಳಿತಿದ್ದರು. ಕೇಳಿದವನು ಪಂಚಾಕ್ಷರಿ, ಮಠದ ಪುಸ್ತಕಗಳ ಕೆಲಸ ನೋಡಿಕೊಳ್ಳುವ ಶಿಷ್ಯ. ಅವನು ಕೇಳಿದ್ದು ಆಚಾರದ ಮಾತಲ್ಲ, ಕಂಪ್ಯೂಟರಿನ ಮಾತು. ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಆಪರೇಟಿಂಗ್ ಸಿಸ್ಟಮ್ ಎಂಬುದೊಂದಿದೆಯಲ್ಲ, ಅದರ ಹಳೆಯ ಆವೃತ್ತಿ ಇರಲೋ, ಹೊಸದು ಬರಲೋ ಎಂಬುದು ಅವನ ಚಿಂತೆ.

“ನಾಳೆ ರಿಪೇರಿಯವರು ಬರುತ್ತಾರೆ ಬುದ್ಧಿ. ಈಗಿರುವ ಸಿಸ್ಟಮ್‌ಗೆ ಕಂಪನಿಯವರು ಇನ್ನು ರಕ್ಷಣೆ ಕೊಡುವುದಿಲ್ಲವಂತೆ. ವೈರಸ್ ಹೊಕ್ಕರೆ ದೇವರೇ ಗತಿ ಅನ್ನುತ್ತಾರೆ. ಆದರೆ ದೊಡ್ಡ ಬುದ್ಧಿಯವರ ಪದಗಳೆಲ್ಲ ಹಳೆಯದರಲ್ಲಿವೆ. ಹೊಸದರಲ್ಲಿ ಅವು ತೆರೆಯದೇ ಹೋದರೆ? ಮೊನ್ನೆಯಿಂದ ನನಗೆ ಊಟ ಸೇರುತ್ತಿಲ್ಲ.”

ದೊಡ್ಡ ಬುದ್ಧಿ ಎಂದರೆ ಲಿಂಗೈಕ್ಯರಾದ ಹಿಂದಿನ ಸ್ವಾಮಿಗಳು. ಅವರು ಕಟ್ಟಿದ ತತ್ತ್ವಪದಗಳನ್ನು ಪಂಚಾಕ್ಷರಿ ವರ್ಷಗಟ್ಟಲೆ ಕುಳಿತು ತನ್ನ ಕೈಯಾರೆ ಕಂಪ್ಯೂಟರಿಗೆ ಏರಿಸಿದ್ದ. ಭಜನೆಯ ಹೊತ್ತಿನಲ್ಲೂ ಅವನು ಕೀಲಿಮಣೆಯ ಮುಂದೆಯೇ ಇರುತ್ತಿದ್ದ. ಆ ಸೇವೆ ಸಣ್ಣದಲ್ಲ.

ಸ್ವಾಮಿಗಳು ನಕ್ಕರು. “ನೀನು ಊಟ ಬಿಟ್ಟರೆ ಕಂಪ್ಯೂಟರಿಗೆ ಪುಣ್ಯ ಬರುತ್ತದೆಯೇ? ಕುಳಿತುಕೋ. ಒಂದು ಕತೆ ಹೇಳುತ್ತೇನೆ.”

“ರೈತನದೇ, ಬುದ್ಧಿ?”

“ಯಾವಾಗಲೂ ರೈತನನ್ನೇ ಯಾಕೆ ಎಳೆದು ತರಬೇಕು? ಪ್ರೆಸ್ಸಿನವನದು.”

ಸ್ವಾಮಿಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಮುದ್ರಕನಿದ್ದ. ಲಗ್ನಪತ್ರಿಕೆ, ಕರಪತ್ರ, ಭಜನೆಯ ಪುಸ್ತಕ ಅಚ್ಚು ಹಾಕಿಕೊಡುತ್ತಿದ್ದ. ಊರಿಗೆ ಮೊದಲು ಕಂಪ್ಯೂಟರ್ ತಂದವನು ಅವನೇ. ಆ ಕಾಲದಲ್ಲಿ ಕಂಪ್ಯೂಟರಿಗೆ ಕನ್ನಡ ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ. ಅವನು ತಾನೇ ಕುಳಿತು ಅಕ್ಷರಗಳನ್ನು ಹೊಂದಿಸಿಕೊಂಡ. ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಬೀಳುತ್ತದೆ ಎಂಬುದು ಅವನಿಗೊಬ್ಬನಿಗೇ ಗೊತ್ತಿತ್ತು.

ಅದೇ ಊರಿನಲ್ಲಿ ಪದ ಹಾಡುವ ಒಬ್ಬ ತಾಯಿ ಇದ್ದಳು. ಅವಳ ಗುರು ಕಟ್ಟಿದ ಪದಗಳು ಒಂದು ಕೈಬರಹದ ಪುಸ್ತಕದಲ್ಲಿದ್ದವು. ಪುಸ್ತಕಕ್ಕೆ ಗೆದ್ದಲು ಹಿಡಿದಿತ್ತು. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಮುದ್ರಕನ ಬಳಿಗೆ ಬಂದಳು. ಮುದ್ರಕ ದೈವಭಕ್ತ. ಇದು ಗುರುಸೇವೆ ಎಂದುಕೊಂಡು ಅಷ್ಟನ್ನೂ ಕಂಪ್ಯೂಟರಿಗೆ ಏರಿಸಿದ.

“ಇನ್ನು ಭಯ ಬಿಡಿ ತಾಯೀ. ಕಂಪ್ಯೂಟರಿಗೆ ಸೇರಿತು ಅಂದ್ರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ” ಎಂದ.

ಹಾಡುವವರೆಲ್ಲ ಸೇರಿ ಆ ಕೈಬರಹದ ಪುಸ್ತಕಕ್ಕೆ ವಿಭೂತಿ ಹಚ್ಚಿದರು, ಹೂವಿಟ್ಟರು, ಆರತಿ ಎತ್ತಿದರು. ಮುರಿದ ಹಾಳೆ ಯಾರ ಕಾಲಿಗೂ ಸಿಗಬಾರದು ಎಂದು ಅದನ್ನು ಹೊಳೆಗೆ ಬಿಟ್ಟರು. ಅವರು ಮಾಡಿದ್ದು ಭಕ್ತಿಯಿಂದಲೇ. ಅಚ್ಚು ಹಾಕಿಸುವುದು ಮಾತ್ರ ಮುಂದಿನ ವರ್ಷ, ಮುಂದಿನ ವರ್ಷ ಎಂದು ಹಾಗೆಯೇ ಉಳಿಯಿತು. ಎಲ್ಲಿ ಹೋಗುತ್ತದೆ, ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು ಎಲ್ಲರೂ ನೆಮ್ಮದಿಯಾಗಿದ್ದರು.

ಮುದ್ರಕನಿಗೆ ಒಂದು ಹುಚ್ಚಿತ್ತು. ತಲೆ ನರೆತರೂ ಅವನಿಗೆ ಎಲ್ಲವೂ ಹೊಸದೇ ಆಗಬೇಕು. ಹೊಸ ಸಿಸ್ಟಮ್ ಬಂದಿತು ಎಂದರೆ ಹಾಕಿಸಿದ. ಇನ್ನೊಂದು ಬಂದಿತು ಎಂದರೆ ಅದನ್ನೂ ಹಾಕಿಸಿದ. ಮೊದಲನೆಯ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಹೊಸದಕ್ಕೂ ನಕಲು ಮಾಡಿಕೊಂಡ, ಅದು ಮೂಲೆ ಸೇರಿತು. ಅವನ ಬಳಿ ಕೆಲಸ ಕಲಿತ ಒಬ್ಬ ತರುಣ ಅದನ್ನು ಕೇಳಿ ಪಡೆದುಕೊಂಡ. ಒಂದು ದಿನ ಆ ತರುಣ ಕೆಲಸ ಬಿಟ್ಟು, ಅದೇ ಕಂಪ್ಯೂಟರಿನಿಂದ ಎದುರು ಸಾಲಿನಲ್ಲೇ ತನ್ನ ಅಂಗಡಿ ತೆರೆದ. ಅಂದಿನಿಂದ ಗುರುಶಿಷ್ಯರಿಬ್ಬರಿಗೂ ಮಾತಿಲ್ಲ. ಮಾತಿಲ್ಲ ಎಂದರೆ ನೇರ ಮಾತಿಲ್ಲ. ಬೀದಿಯ ಆಚೆಗೂ ಈಚೆಗೂ ಕೇಳುವಂತೆ ಗಿರಾಕಿಗಳ ಮುಂದೆ ಆಡುವ ಮಾತು ಧಾರಾಳವಾಗಿತ್ತು.

ಕಾಲ ಸರಿಯಿತು. ತಾಯಿಗೆ ವಯಸ್ಸಾಯಿತು. ಅವಳ ಜೊತೆ ಹಾಡುತ್ತಿದ್ದವರು ಒಬ್ಬೊಬ್ಬರಾಗಿ ಶಿವನ ಪಾದ ಸೇರಿದರು. ರಾಗ ಗಂಟಲಲ್ಲಿತ್ತು, ಮಾತು ಅಲ್ಲಲ್ಲಿ ಜಾರತೊಡಗಿತು. ಪದಗಳು ತನ್ನೊಂದಿಗೇ ಮುಗಿಯುತ್ತವೆ ಎಂದು ಅವಳು ಒಳಗೊಳಗೇ ಕೊರಗುತ್ತಿದ್ದಳು. ಅಂಥ ಹೊತ್ತಿನಲ್ಲಿ ಗುರುಕೃಪೆಯಿಂದ ಓಣಿಯ ಹೆಣ್ಣುಮಕ್ಕಳು ಕೆಲವರು ಬಂದು, “ನಮಗೂ ಹೇಳಿಕೊಡಿ ಅವ್ವ” ಎಂದರು. ಕಲಿಸಲು ಪುಸ್ತಕ ಬೇಕು. ತಾಯಿ ಮುದ್ರಕನ ಅಂಗಡಿಗೆ ಬಂದಳು.

ಮುದ್ರಕ ಹೊಸ ಕಂಪ್ಯೂಟರಿನಲ್ಲಿ ಆ ಪದಗಳನ್ನು ತೆರೆದ. ಪರದೆಯ ಮೇಲೆ ಕನ್ನಡವೇ ಇಲ್ಲ. ಇರುವೆ ಸಾಲನ್ನು ಕೆದರಿದಂತೆ ಏನೇನೋ ಚಿಹ್ನೆಗಳು. ಹಳೆಯ ಅಕ್ಷರಗಳನ್ನು ಹೊಸದಕ್ಕೆ ಬದಲಿಸಿಕೊಡುವ ಸಾಧನಗಳೇನೋ ಇದ್ದವು. ಆದರೆ ಇವನು ಮನೆಯಲ್ಲಿ ಕುಳಿತು ಹೊಂದಿಸಿದ ಅಕ್ಷರಗಳು ಅವುಗಳಿಗೆ ತಿಳಿಯವು. ಅವನಿಗೂ ಈಗ ನೆನಪಿರಲಿಲ್ಲ. ತನ್ನ ಕೈಯ ಕೆಲಸವನ್ನು ತಾನೇ ಓದಲಾರದೆ ಅವನು ಕುಳಿತ.

ತಾಯಿ ಬೀದಿ ದಾಟಿ ಎದುರಿನ ಅಂಗಡಿಗೆ ಹೋದಳು. ತರುಣ ಹಳೆಯ ಕಂಪ್ಯೂಟರನ್ನು ತೆರೆದ. ಪದಗಳು ಅಲ್ಲಿ ಮುತ್ತು ಪೋಣಿಸಿದ ಹಾಗೆ ಇದ್ದವು. ತಾಯಿ ಪರದೆಗೆ ಕೈ ಮುಗಿದಳು.

“ಇದನ್ನ ಅಚ್ಚು ಹಾಕಿಕೊಡಪ್ಪ.”

ತರುಣ ತಲೆ ಕೆರೆದುಕೊಂಡ. ಹಳೆಯ ಪ್ರಿಂಟರ್ ಕೆಟ್ಟು ಹೋಗಿತ್ತು. ಹೊಸ ಪ್ರಿಂಟರ್‌ಗೆ ಈ ಸಿಸ್ಟಮ್ ಗೊತ್ತಿಲ್ಲ. ಪೆನ್ ಡ್ರೈವ್ ಹಾಕಿದರೆ ಹಾಕಿದ್ದೇ ಅದಕ್ಕೆ ತಿಳಿಯದು. ಕಣ್ಣಿನಿಂದ ನೋಡಬಹುದು, ಹೊರಗೆ ತರುವಂತಿಲ್ಲ. ಹೊಸ ಲಗ್ನಪತ್ರಿಕೆಯ ಕೆಲಸವೆಲ್ಲ ಯಾಕೆ ತನ್ನ ಕೈ ತಪ್ಪುತ್ತಿದೆ ಎಂಬುದು ಅವನಿಗೂ ಗೊತ್ತಿತ್ತು. ಆದರೆ ಎದುರಿನವನ ದಾರಿಯನ್ನು ತಾನು ಹಿಡಿಯಲಾರೆ ಎಂಬ ಹಟ ಅವನದು.

ತಾಯಿ ಹೊರಗೆ ಬಂದು ನಡುಬೀದಿಯಲ್ಲಿ ನಿಂತಳು. ಹಿರಿಯ ಮುದ್ರಕ ತನ್ನ ಬಾಗಿಲಿಗೆ ಬಂದ. ತರುಣನೂ ಬಂದ.

“ನೋಡಿದ್ರಾ ತಾಯೀ” ಎಂದ ಹಿರಿಯ, “ಅದು ಕಂಪ್ಯೂಟರ್ ಅಲ್ಲ, ಗಾಜಿನ ಪೆಟ್ಟಿಗೆ. ಒಳಗಿರೋದು ಕಾಣುತ್ತೆ, ಕೈಗೆ ಬರಲ್ಲ.”

“ಕಾಣೋದಾದ್ರೂ ಕಾಣುತ್ತಲ್ಲ ಯಜಮಾನ್ರೇ” ಎಂದ ತರುಣ. “ನಿಮ್ಮದು ಹಬ್ಬಕ್ಕೊಂದು ಹೊಸ ಅಂಗಿ ಹಾಕುತ್ತೆ. ಹಳೇ ನೆಂಟರು ಬಂದ್ರೆ ಗುರುತೇ ಹಿಡಿಯಲ್ಲ.”

“ಲೋ, ಅದನ್ನ ನಿನಗೆ ಕೊಟ್ಟವನು ನಾನು!”

“ಮೂಲೆಗೆ ಎಸೆದವರೂ ನೀವೇ.”

ಬೀದಿಯಲ್ಲಿ ಜನ ನಿಂತು ನಗತೊಡಗಿದರು. ತಾಯಿ ನಗಲಿಲ್ಲ.

“ನಿಮ್ಮಿಬ್ಬರಲ್ಲಿ ಯಾರದು ಸರಿ ಅನ್ನೋದು ನನಗೆ ಬೇಡ ಕಣ್ರಪ್ಪ” ಎಂದಳು. “ನನ್ನ ಗುರು ಅಲ್ಲಿದ್ದಾನೆ. ಅವನನ್ನ ಮಕ್ಕಳ ಕೈಗೆ ಕೊಡೋ ದಾರಿ ಇಲ್ಲಿದೆ. ಎರಡು ಮೇಜೂ ಹತ್ತಿರ ಹಾಕಿ.”

ತರುಣ ಮೆಲ್ಲಗೆ ಹೇಳಿದ: “ನನ್ನದನ್ನ ಎತ್ತೋ ಹಾಗಿಲ್ಲ ಅವ್ವ. ಒಂದು ಸಲ ಅಲುಗಾಡಿದ್ರೆ ಮತ್ತೆ ಏಳುತ್ತೋ ಇಲ್ಲವೋ.”

ಅಂದರೆ ಹೊಸದೇ ಬೀದಿ ದಾಟಬೇಕು. ಹಿರಿಯನ ಮುಖ ಕೆಂಪಾಯಿತು.

“ನನ್ನ ಹತ್ರ ಕೆಲಸ ಕಲಿತವನ ಅಂಗಡಿ ಮೆಟ್ಟಿಲು ನಾನು ಹತ್ತಬೇಕಾ ತಾಯೀ?”

“ನೀನು ಹತ್ತಬೇಡಪ್ಪ. ನಿನ್ನ ಕಂಪ್ಯೂಟರ್ ಹತ್ತಲಿ. ಅದಕ್ಕೆ ಕಾಲಿಲ್ಲ, ಹೊತ್ತುಕೊಂಡು ಹೋಗೋಕೆ ಒಬ್ಬರು ಬೇಕು, ಅಷ್ಟೇ.”

ಹಿರಿಯನಿಗೂ ನಗು ಬಂದಿತು. ಆ ನಗು ಅವನೊಳಗಿದ್ದ ಏನನ್ನೋ ಸಡಿಲಿಸಿತು. ಹಿಂದೊಮ್ಮೆ ತಾನು ಆಡಿದ ಕಲ್ಲಿನ ಮಾತು ನೆನಪಾಯಿತು. ಒಳಗೆ ಹೋದ, ಕಂಪ್ಯೂಟರನ್ನು ಮಗುವಿನಂತೆ ಎದೆಗೆ ಅವಚಿಕೊಂಡ, ಎಲ್ಲರೂ ನೋಡುತ್ತಿರುವಂತೆ ಬೀದಿ ದಾಟಿದ. ತರುಣ ಓಡಿ ಬಂದು ತಂತಿಗಳನ್ನು ಹಿಡಿದುಕೊಂಡ.

ಎರಡು ಮೇಜುಗಳನ್ನು ಜೋಡಿಸಿದರು. ತರುಣ ಹಳೆಯ ಪರದೆ ನೋಡಿ ಓದಬೇಕು, ತಾಯಿ ಹಾಡಬೇಕು, ಹಿರಿಯ ಹೊಸದರಲ್ಲಿ ಬರೆಯಬೇಕು. ಓದಿದ ಮೇಲೆ ಹಾಡುವುದು ಯಾಕೆ ಎಂದು ತರುಣ ಕೇಳಿದ. “ಹಾಡದೆ ಒಳಗೆ ಹೋದದ್ದು ಹಾಡದೇ ಉಳೀತು ನೋಡು, ಅದಕ್ಕೆ” ಎಂದಳು ತಾಯಿ.

ಪದಗಳು ಒಂದೊಂದಾಗಿ ಹಳೆಯದರಿಂದ ಎದ್ದು, ಅವಳ ಗಂಟಲಿನಿಂದ ಹಾದು, ಹೊಸದಕ್ಕೆ ಸೇರತೊಡಗಿದವು. ಪದ ಕಲಿಯಲು ಬಂದ ಹೆಣ್ಣುಮಕ್ಕಳೂ ಹೊಸ್ತಿಲ ಬಳಿ ಕುಳಿತು ಪಲ್ಲವಿ ಹಿಡಿದರು. ಹೀಗೆ ದಿನಗಳು ಹೋದವು. ಒಂದು ಪದದಲ್ಲಿ ತರುಣ ಓದಿದ:

“ಎಣ್ಣೆ ಹೊಯ್ದವರಾರೋ, ಬತ್ತಿ ಹೊಸೆದವರಾರೋ.”

ಮುಂದಿನ ಸಾಲನ್ನೂ ಓದಿದ. ಅದೂ ಅದೇ ಸಾಲು. ಹಿರಿಯ ಬೆರಳು ನಿಲ್ಲಿಸಿ ಹಳೆಯ ಪರದೆಯತ್ತ ಬಾಗಿದ. ಅಂದು ಅವಸರದಲ್ಲಿ ಅವನು ಒಂದೇ ಸಾಲನ್ನು ಎರಡು ಸಲ ಬರೆದು, ಎರಡನೆಯ ಸಾಲನ್ನು ಬಿಟ್ಟುಬಿಟ್ಟಿದ್ದ. ಕೈಬರಹ ಹೊಳೆಯಲ್ಲಿ ಹೋಗಿತ್ತು. ಆ ಸಾಲು ಈಗ ಹಳೆಯದರಲ್ಲೂ ಇಲ್ಲ, ಹೊಸದರಲ್ಲೂ ಇಲ್ಲ.

“ತಾಯೀ, ನನ್ನಿಂದ ಗುರುದ್ರೋಹ ಆಯ್ತು” ಎಂದ.

ತಾಯಿ ನೆನಪಿಸಿಕೊಳ್ಳಲು ನೋಡಿದಳು. ಬರಲಿಲ್ಲ. ಕಣ್ಣು ಮುಚ್ಚಿ ಕುಳಿತಳು. ಬರಲಿಲ್ಲ. “ನೆನೆಸಿದ್ರೆ ಬರಲ್ಲ ಕಣಪ್ಪ. ಮೊದಲಿಂದ ಎತ್ತಿಕೋತೀನಿ, ತಾಳ ಬಿಡಬೇಡಿ” ಎಂದಳು. ಹೆಣ್ಣುಮಕ್ಕಳು ತಾಳ ಹಿಡಿದರು. ತರುಣ ಮೇಜು ತಟ್ಟಿದ. ಹಿರಿಯನೂ ತಟ್ಟಿದ. ಅವಳು ಪದವನ್ನು ಮೊದಲಿನಿಂದ ಎತ್ತಿದಳು. ಆ ಸಾಲಿನವರೆಗೆ ಬಂದು ನಿಂತಳು. ಮತ್ತೆ ಎತ್ತಿದಳು, ಮತ್ತೆ ನಿಂತಳು. ಮೂರನೆಯ ಸಲ ನಿಲ್ಲಲಿಲ್ಲ. ತಾಳ ಅವಳನ್ನು ಎಳೆದುಕೊಂಡು ಹೋಯಿತು. ಬಾಯಿ ತಾನಾಗಿ ಹಾಡಿತು:

“ಉರಿವುದು ನಾನೆಂದು ಬೀಗದಿರು ಸೊಡರೇ.”

“ಎಲ್ಲಿ ಅಡಗಿದ್ದೆಯೋ ನನ್ನಪ್ಪ!” ಎಂದು ತಾಯಿ ನಗುತ್ತ ಕಣ್ಣೊರೆಸಿಕೊಂಡಳು. ಹಿರಿಯನೂ ತರುಣನೂ ಒಬ್ಬರ ಮುಖವನ್ನು ಒಬ್ಬರು ನೋಡಿದರು. ಹಿರಿಯ ಆ ಸಾಲನ್ನು ನಿಧಾನವಾಗಿ, ಒಂದೊಂದೇ ಅಕ್ಷರವಾಗಿ ಬರೆದ.

ಪುಸ್ತಕ ಅಚ್ಚಾಯಿತು. ಆ ದಿನವೇ ಹಳೆಯ ಕಂಪ್ಯೂಟರ್ ಕಣ್ಣು ಮುಚ್ಚಿತು ಎಂದು ಊರಿನಲ್ಲಿ ಕೆಲವರು ಹೇಳುತ್ತಾರೆ. ಅದು ಸುಳ್ಳು. ಅದು ಆಮೇಲೂ ಓಡಿತು. ತರುಣ ಹಿರಿಯನ ಬಳಿ ಕುಳಿತು ಹೊಸದನ್ನು ಕಲಿತ, ಹಳೆಯದನ್ನು ಪಕ್ಕದಲ್ಲೇ ಇಟ್ಟುಕೊಂಡ. ಅದು ನಾಳೆ ಏಳುತ್ತದೆಯೋ ಇಲ್ಲವೋ ಎಂಬ ಭಯ ಮಾತ್ರ ಆ ಬೀದಿಯಲ್ಲಿ ಯಾರಿಗೂ ಉಳಿಯಲಿಲ್ಲ. ಸಂಜೆಯಾದರೆ ಓಣಿಯ ಮನೆಮನೆಯಲ್ಲೂ ಆ ಪದ ಕೇಳಿಸುತ್ತಿತ್ತು.

ಸ್ವಾಮಿಗಳು ಕತೆ ನಿಲ್ಲಿಸಿದರು.

ಪಂಚಾಕ್ಷರಿಯ ಮುಖ ಅರಳಿತ್ತು. “ತಿಳಿಯಿತು ಬುದ್ಧಿ. ಹೊಸದನ್ನು ಹಾಕಿಸುತ್ತೇನೆ. ಹಳೆಯದನ್ನು ತೆಗೆಯದೆ ಪಕ್ಕದಲ್ಲೇ ಇಟ್ಟು, ಪದಗಳನ್ನು ಒಂದೊಂದಾಗಿ ದಾಟಿಸುತ್ತೇನೆ. ಅವುಗಳ ಹಸ್ತಪ್ರತಿಯನ್ನಂತೂ ಯಾವ ಹೊಳೆಗೂ ಬಿಡುವುದಿಲ್ಲ. ಇನ್ನು ದೊಡ್ಡ ಬುದ್ಧಿಯವರ ಪದಗಳಿಗೆ ಭಯವಿಲ್ಲ, ಅಲ್ಲವೇ?”

“ಹಾಗೇ ಮಾಡು. ಒಳ್ಳೆಯದಾಗುತ್ತದೆ” ಎಂದರು ಸ್ವಾಮಿಗಳು. ಆಮೇಲೆ ಗೋಡೆಯ ಮೊಳೆಗೆ ತೂಗುಹಾಕಿದ್ದ ತಾಳಗಳನ್ನು ಇಳಿಸಿಕೊಂಡು, ದಾರವನ್ನು ಬೆರಳಿಗೆ ಸುತ್ತಿಕೊಂಡರು.

“ಅವುಗಳಲ್ಲಿ ಒಂದನ್ನು ಹಾಡು ಪಂಚಾಕ್ಷರಿ, ನಾನು ತಾಳ ಹಾಕುತ್ತೇನೆ.”

ಪಂಚಾಕ್ಷರಿ ಕಂಪ್ಯೂಟರಿದ್ದ ಕೋಣೆಯತ್ತ ತಿರುಗಿ ನೋಡಿದ; ಅಷ್ಟೂ ಪದಗಳನ್ನು ಏರಿಸಿದ್ದ, ಒಂದನ್ನೂ ಹಾಡಲು ಕಲಿತಿರಲಿಲ್ಲ.