ಖಾಲಿ ಕುರ್ಚಿಗಳಿದ್ದ ಕೋಣೆ

ಬಯಲುಸೀಮೆಯ ಒಂದು ಊರು. ಅಲ್ಲಿನ ಕಾಯಿಪಲ್ಲೆ ಮಾರ್ಕೆಟ್ಟಿನ ಮುಂದೆ ದೊಡ್ಡದೊಂದು ಪಾರ್ಕಿಂಗ್ ಜಾಗ. ಹನ್ನೆರಡು ಮಂದಿ ಅಲ್ಲಿ ಗಾಡಿ ನಿಲ್ಲಿಸುವ ಕೆಲಸ ಮಾಡುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಹಳಬಳು ಫಕೀರವ್ವ. ಎರಡು ಕಾರಿನ ಜಾಗದಲ್ಲಿ ಮೂರು ಕಾರು ನಿಲ್ಲಿಸಿ, ಮೂರನ್ನೂ ಒಂದು ಗೀರು ಬೀಳದಂತೆ ಹೊರಗೆ ಕಳಿಸುವುದು ಅವಳ ವಿದ್ಯೆ. ದೊಡ್ಡ ದೊಡ್ಡ ಬಂದರುಗಳಲ್ಲಿ ಹಡಗಿಗೆ ದಾರಿ ತೋರಿಸುವವರೂ ಅಷ್ಟು ನಾಜೂಕಾಗಿ ಕೈ ಬೀಸುವುದಿಲ್ಲ.

ಒಮ್ಮೆ ಹೊಸ ಗುತ್ತಿಗೆದಾರ ಬಂದ. ಬಂದವನೇ ಎಲ್ಲರ ಸ್ಟೂಲುಗಳನ್ನೂ ಎತ್ತಿಸಿಬಿಟ್ಟ.

"ಕುಂತವರನ್ನ ನೋಡಿದ್ರ ಜನಕ್ಕ ಮೈಗಳ್ಳರು ಅನ್ನಸ್ತೈತಿ. ಇನ್ನ ಯಾರರೆ ಕುಂತಿದ್ದು ಕಂಡ್ರ ಮನಿಗೆ ಕಳಸ್ತೇನಿ" ಎಂದ. ಹೇಳಿದ್ದು ಕಾರಿನೊಳಗೆ ಕೂತು.

ಫಕೀರವ್ವನ ಎಡಗಾಲಿನ ನರಗಳು ಆಗಲೇ ಗಂಟುಗಂಟಾಗಿ ಉಬ್ಬಿದ್ದವು. "ತಾಸಿಗೊಮ್ಮೆಯಾದರೂ ಕೂಡಬೇಕು. ಇಲ್ಲದಿದ್ದರೆ ನಿಂತು ಮಾಡುವ ಕೆಲಸ ಮರೆತುಬಿಡು" ಎಂದು ಡಾಕ್ಟರು ಹೇಳಿದ್ದರು. ಅವಳಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಗೊತ್ತಿದ್ದರೂ ಬೇಕಿರಲಿಲ್ಲ.

ಆ ಹನ್ನೆರಡು ಮಂದಿಗೆ ಸಂಘವಿರಲಿಲ್ಲ. ಹಾಗಾಗಿ ಅವಳು ಮೂಟೆ ಹೊರುವ ಹಮಾಲರ ಸಂಘದ ಮುಖಂಡ ಗುದ್ಲೆಪ್ಪನ ಹತ್ತಿರ ಹೋದಳು. ಗುದ್ಲೆಪ್ಪ ಒಳ್ಳೆಯ ಮನುಷ್ಯ.

"ಹೆದರಬ್ಯಾಡ ತಂಗಿ. ನಾವು ಹಮಾಲರು, ಆಟೋದವರು, ಬಸ್ಸಿನವರು, ಮೂರೂ ಸಂಘ ಕೂಡ್ತೇವಿ. ಎಲ್ಲಾರೂ ಕೈ ಕಟ್ಟಿ ನಿಂತ್ರ ಅಂವ ಒಂದ ದಿನಾನೂ ತಡಿಯೂದಿಲ್ಲ" ಎಂದ.

ಮಾತು ನಿಜವೇ ಆಗಿತ್ತು. ದುಃಖ ಇರುವುದೂ ಅಲ್ಲೇ.

ಮುಂದಿನ ಸೋಮವಾರ, ಮಾರ್ಕೆಟ್ಟಿನ ಎದುರಿನ ಮಹಡಿಯ ಕೋಣೆಯಲ್ಲಿ ಮೂರೂ ಸಂಘದವರು ಸೇರಿದರು. ಗುದ್ಲೆಪ್ಪ ಬೈಕಿನಲ್ಲಿ ಬಂದ. ಆಟೋದವರ ಮುಖಂಡ ಮಕ್ತುಂಸಾಬ ಆಟೋದಲ್ಲಿ ಬಂದ. ಬಸ್ಸಿನವರ ಗಂಗಾಧರಪ್ಪ ಹಳೆಯ ಜೀಪಿನಲ್ಲಿ ಬಂದ. "ಬರ್ರಿ ಬರ್ರಿ, ಬಲಕ್ಕ ಹೊಳ್ಳಸ್ರಿ, ಸಾಕ್ರಿ!" ಎಂದು ಅವರ ಗಾಡಿಗಳನ್ನೆಲ್ಲ ನಿಲ್ಲಿಸಿಕೊಟ್ಟವಳು ಫಕೀರವ್ವನೇ. ಅವರು ಮೇಲೆ ಹೋದರು. ಅವಳು ಕೆಳಗೆ ಬಿಸಿಲಿನಲ್ಲಿ ನಿಂತಳು.

ಮೊದಲ ಸಭೆ, ಕರಪತ್ರದಲ್ಲಿ ಯಾರ ಸಂಘದ ಹೆಸರು ಮೇಲೆ ಬರಬೇಕು ಎಂಬುದರಲ್ಲಿ ಮುಗಿಯಿತು. ಎರಡನೆಯದು, ಮೆರವಣಿಗೆಯಲ್ಲಿ ಯಾರ ಬಾವುಟ ಮುಂದಿರಬೇಕು ಎಂಬುದರಲ್ಲಿ. ಮೂರನೆಯ ಸೋಮವಾರ ಫಕೀರವ್ವ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತಳು.

"ಅಣ್ಣಾರ, ನಾನೂ ಒಂದ್ ಮಾತ್ ಹೇಳ್ಲೇನ್ರಿ?"

"ಅಯ್ಯ, ನೀ ಮ್ಯಾಲ ಬಂದ್ರ ಕೆಳಗ ಗಾಡಿ ಯಾರ್ ನೋಡ್ಬೇಕವ್ವಾ?" ಎಂದ ಗುದ್ಲೆಪ್ಪ. "ನಿಂದ ಮಾತಾಡಾಕತ್ತೇವಿ, ಹೋಗು."

"ನನ್ ಜೀಪಿನ ಹಿಂದ ಯಾರೂ ಗಾಡಿ ಹಚ್ಚದಂಗ ನೋಡಬೇ" ಎಂದ ಗಂಗಾಧರಪ್ಪ.

ಎಲ್ಲರೂ ನಕ್ಕರು. ಅವಳೂ ನಕ್ಕಳು. ಕೋಣೆಯ ಮೂಲೆಯಲ್ಲಿ ಹತ್ತು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಅವಳು ಅವುಗಳ ಕಡೆಗೊಮ್ಮೆ ನೋಡಿ ಇಳಿದು ಹೋದಳು. ಒಂದನ್ನು ಕೆಳಗೆ ಕಳಿಸೋಣ ಎಂದು ಯಾರಿಗೂ ಹೊಳೆಯಲಿಲ್ಲ. ಅವರ ಮನಸ್ಸೆಲ್ಲ ಬಾವುಟದ ಮೇಲಿತ್ತು.

ಏಳನೆಯ ಸಭೆಯಲ್ಲಿ ಒಪ್ಪಂದವಾಯಿತು. ಮೂರೂ ಬಾವುಟ ಒಂದೇ ಸಾಲಿನಲ್ಲಿ! ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಹಮಾಲರು ಚೀಲ ಕೆಳಗಿಟ್ಟರು. ಆಟೋಗಳು ನಿಂತವು. ಬಸ್ಸುಗಳು ಮಾರ್ಕೆಟ್ಟಿನ ಕಡೆ ತಿರುಗಲೇ ಇಲ್ಲ. ಟೊಮೆಟೊ ಬುಟ್ಟಿಗಳು ಬಿಸಿಲಲ್ಲಿ ಕೂತವು. ಮಧ್ಯಾಹ್ನ ಒಂದಕ್ಕೆ ಗುತ್ತಿಗೆದಾರ ಹನ್ನೆರಡು ಹೊಸ ಸ್ಟೂಲು ತರಿಸಿದ.

ನಾಲ್ಕೇ ತಾಸಿನ ಕೆಲಸ. ಅದಕ್ಕೆ ಏಳು ವಾರ ಹಿಡಿದಿತ್ತು.

ಹನ್ನೊಂದು ಮಂದಿ ಕೂತರು. ಒಂದು ಸ್ಟೂಲು ಉಳಿಯಿತು. ಆರನೆಯ ವಾರವೇ ಫಕೀರವ್ವನ ಕಾಲು ಒಡೆದು ಹುಣ್ಣಾಗಿತ್ತು. ಇನ್ನು ಆ ಕಾಲಿನ ಮೇಲೆ ನಿಲ್ಲುವಂತಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಏಳನೆಯ ಸಭೆಯ ದಿನ ತಮ್ಮ ಗಾಡಿಗಳನ್ನು ಬೇರೆ ಯಾರೋ ನಿಲ್ಲಿಸಿದ್ದನ್ನು ಮೂವರೂ ಗಮನಿಸಿರಲಿಲ್ಲ.

ಗುದ್ಲೆಪ್ಪ ಆ ಸ್ಟೂಲನ್ನು ಹೆಗಲ ಮೇಲೆ ಹೊತ್ತು ಅವಳ ಮನೆಗೆ ನಡೆದ. ಅವಳು ಹೊಸ್ತಿಲ ಬಳಿ ಕಾಲು ಚಾಚಿ ಕೂತಿದ್ದಳು.

"ಗೆದ್ವಿ ತಂಗಿ" ಎಂದ.

"ಛಲೋ ಆತು ಅಣ್ಣಾ" ಎಂದಳು. ಸ್ಟೂಲನ್ನು ಒಮ್ಮೆ ಸವರಿದಳು. "ಗಟ್ಟಿ ಐತಿ. ಆದ್ರ ಮನ್ಯಾಗ ಇದನ್ನ ತಗೊಂಡು ಏನ್ ಮಾಡ್ಲಿ? ಇಲ್ಲಿ ನನಗ ಕುಂಡ್ರಬ್ಯಾಡ ಅಂದವರು ಯಾರೂ ಇಲ್ಲ."

ಗುದ್ಲೆಪ್ಪ ಸ್ಟೂಲನ್ನು ಮತ್ತೆ ಹೆಗಲಿಗೇರಿಸಿದ. ನೂರು ಕಿಲೋ ಚೀಲ ಹೊತ್ತ ಹೆಗಲು ಅವನದು. ಬರಿಯ ಸ್ಟೂಲನ್ನು ವಾಪಸು ಹೊತ್ತು ತರುವಾಗ ದಾರಿಯಲ್ಲಿ ಎರಡು ಸಲ ಇಳಿಸಿದ.

ಈಗ ಆ ಕೋಣೆಯಲ್ಲಿ ಯಾವ ಸಭೆ ನಡೆದರೂ, ಮೊದಲು ಒಂದು ಕುರ್ಚಿ ಕೆಳಗೆ ಗಾಡಿ ನೋಡುವವರ ಹತ್ತಿರ ಹೋಗುತ್ತದೆ. ಅದನ್ನು ಒಯ್ಯುವವನು ಗುದ್ಲೆಪ್ಪನೇ. ಬೇರೆಯವರಿಗೆ ಬಿಡುವುದಿಲ್ಲ.

ನೀತಿ: ಒಗ್ಗಟ್ಟಿನಲ್ಲಿ ಬಲವಿದೆ ಎಂದು ಎಲ್ಲರಿಗೂ ಗೊತ್ತು. ಆದರೆ ಯಾರು ಮುಂದೆ, ಯಾರು ಹಿಂದೆ ಎಂದು ಲೆಕ್ಕ ಹಾಕುತ್ತ ತಡಮಾಡಿದರೆ, ಗೆಲುವು ಬಂದಾಗ ಅದು ಬೇಕಿದ್ದವರು ಅಲ್ಲಿರುವುದಿಲ್ಲ. ಯಾರ ಪರವಾಗಿ ಕೂತು ಮಾತಾಡುತ್ತೀರೋ, ಮೊದಲು ಅವರಿಗೊಂದು ಕುರ್ಚಿ ಕೊಡಿ.