ಸುಟ್ಟ ರೆಕ್ಕೆಯ ಜೇನ್ನೊಣ

ಮತ್ತಿಮರದ ಪೊಟರೆಯ ಜೇನ್ನೊಣಗಳು ದುಡಿಮೆಯ ಒಂದು ಪಾಲನ್ನು ಕಷ್ಟಕಾಲಕ್ಕೆಂದು ಗೂಡಿನ ಉಗ್ರಾಣಕ್ಕೆ ಕೊಡುತ್ತಿದ್ದವು. ಒಂದು ಮಧ್ಯಾಹ್ನ ರೆಕ್ಕೆ ಸುಟ್ಟ ನೊಣವೊಂದು ಬಾಗಿಲಿಗೆ ಬಂತು.

"ಅಕ್ಕಾ, ಮೂರು ಗುಡ್ಡದಾಚೆ ಕಾಳ್ಗಿಚ್ಚಿಗೆ ನಮ್ಮ ಗೂಡು ಹೋಯಿತು. ಹೊಸದು ಕಟ್ಟುವ ತನಕ ನಿಮ್ಮ ಉಗ್ರಾಣದಿಂದ ಜೇನು ಕೊಡಿಸಿ."

ಕಾವಲಿನ ಮುದಿನೊಣ ಹೇಳಿತು: "ಇದು ನಮ್ಮ ಮಕ್ಕಳ ಬಾಯಿಯ ತುತ್ತು, ತಂಗಿ. ಕಾಣದ ಗುಡ್ಡಕ್ಕೆಲ್ಲ ಹಂಚುತ್ತ ಕೂತರೆ ಮಳೆಗಾಲದಲ್ಲಿ ಇವರು ಸಾಯುತ್ತಾರೆ."

"ನಿಜ. ನಮ್ಮಾಚೆಯ ಗುಡ್ಡದವರು ಗೂಡು ಸುಟ್ಟು ಬಂದಾಗ ನಾವೂ ಹೀಗೇ ಹೆದರಿ ಬರಿಗೈಲಿ ಕಳಿಸಿಬಿಟ್ಟೆವು."

"ಆಮೇಲೆ ಎಷ್ಟು ದಿನಕ್ಕೆ ನಿಮ್ಮಲ್ಲಿಗೆ ಬೆಂಕಿ ಬಂತು?"

"ನಾಲ್ಕು ದಿನಕ್ಕೆ."

ಮುದಿನೊಣ ಗಾಳಿ ಮೂಸಿ ನೋಡಿತು. ಸಣ್ಣಗೆ ಹೊಗೆಯ ವಾಸನೆ ಬರುತ್ತಿತ್ತು. ಬಾಗಿಲು ಬಿಟ್ಟು ಸರಿದು, "ಬೇಗ ತುಂಬಿಕೋ ತಾಯಿ. ನಾಳೆ ನಾನು ಯಾರ ಬಾಗಿಲಿಗೆ ಹೋಗಿ ನಿಲ್ಲಬೇಕೋ, ಭಗವಂತನೇ ಬಲ್ಲ" ಎಂದಿತು.